ಯಂತ್ರದ ಪಾದಕ್ಕೆ ಎಪಾಕ್ಸಿ ಹಾಸು

ಎರಡು ಭಾಗದ ಎಪಾಕ್ಸಿ ಎಂದರೆ ಒಂದು ಡಬ್ಬಿಯಲ್ಲಿ ರಾಳ, ಇನ್ನೊಂದರಲ್ಲಿ ಹಾರ್ಡನರ್. ಬೇರೆಬೇರೆ ಇದ್ದಷ್ಟು ದಿನ ಎರಡೂ ಜೇನಿನಂತೆ ಹರಿಯುತ್ತವೆ. ಸರಿಯಾದ ಪ್ರಮಾಣದಲ್ಲಿ ಬೆರೆತರೆ ಕೆಲವು ಗಂಟೆಗಳಲ್ಲಿ ಕಲ್ಲಾಗುತ್ತವೆ. ಮನೆಗಳಲ್ಲಿ ಇದರ ಪರಿಚಯ ಬಹುಮಟ್ಟಿಗೆ ಅಂಟಾಗಿಯೇ ಆಗಿರುತ್ತದೆ. ಮುರಿದ ಹಿಡಿಗೆ ಅರಾಲ್ಡೈಟ್, ಸೋರುವ ನಲ್ಲಿಗೆ ಎಂ-ಸೀಲ್. ಆದರೆ ಇದೇ ವಸ್ತುವಿಗೆ ಅಂಟಿಸುವುದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕೆಲಸವಿದೆ. ಎರಡು ಮೇಲ್ಮೈಗಳ ನಡುವಿನ ಸಂದನ್ನು ತುಂಬಿ, ಮೇಲೆ ಕೂರುವ ವಸ್ತುವಿಗೆ ಅದರದೇ ಅಚ್ಚಿನ ಹಾಸು ಮಾಡಿಕೊಡುವುದು ಆ ಕೆಲಸ. ಕಸುಬಿನ ಮಾತಿನಲ್ಲಿ ಇದಕ್ಕೆ ಬೆಡ್ಡಿಂಗ್ ಎಂಬ ಹೆಸರಿದೆ. ಇಲ್ಲಿ ಅಂಟುವುದು ಮುಖ್ಯವಲ್ಲ. ಎಷ್ಟೋ ಸಲ ಮೇಲಿನ ವಸ್ತು ಅಂಟಿಕೊಳ್ಳದಂತೆ ನೋಡಿಕೊಳ್ಳುವುದೇ ಅರ್ಧ ಕೆಲಸವಾಗುತ್ತದೆ.

ಹಾಸು ಏಕೆ ಬೇಕು ಎಂಬುದಕ್ಕೆ ಉತ್ತರ ಪ್ರತಿ ಅಡುಗೆಮನೆಯಲ್ಲೂ ಇದೆ. ಕಡಪ ಕಲ್ಲಿನ ನೆಲದ ಮೇಲೆ ನಾಲ್ಕು ಕಾಲಿನ ಸ್ಟೂಲು ಕುಂಟುತ್ತದೆ, ಮುಕ್ಕಾಲಿ ಕುಂಟುವುದಿಲ್ಲ. ಮೂರು ಬಿಂದುಗಳು ಎಲ್ಲಿದ್ದರೂ ಒಂದು ಸಮತಲದಲ್ಲಿ ಕೂರುತ್ತವೆ, ನಾಲ್ಕನೆಯದು ಕೂರಲೇಬೇಕೆಂಬ ನಿಯಮವಿಲ್ಲ. ಸ್ಟೂಲಿನ ಕಾಲಡಿಗೆ ಮಡಚಿದ ಕಾಗದ ಇಟ್ಟರೆ ಕೆಲಸ ಮುಗಿಯಿತು. ಬೆಂಚಿನ ಮೇಲೆ ಕೂರಿಸುವ ಸಣ್ಣ ಲೇತಿಗೆ ಅಷ್ಟು ಸಾಲದು. ಲೇತಿನ ನಾಲ್ಕು ಬೋಲ್ಟುಗಳನ್ನು ಮರದ ಮೇಜಿಗೆ ಬಿಗಿದಾಗ, ಮೇಜು ಮುಟ್ಟದ ಪಾದವನ್ನು ಬೋಲ್ಟು ಬಲವಂತವಾಗಿ ಕೆಳಗೆ ಎಳೆಯುತ್ತದೆ. ಬೀಡುಕಬ್ಬಿಣದ ಹಾಸುಗಂಬವೂ, ಅಂದರೆ ಲೇತಿನ ಉದ್ದನೆಯ ಮೈಯೂ, ಆಗ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ; ಆ ಲೇತಿನಲ್ಲಿ ಕಡೆದ ಸರಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಆಗಿ ಬಂದಾಗ ಗೊತ್ತಾಗುತ್ತದೆ. ಯಂತ್ರದ ಮೇಲೆ ಹೊರಿಸುವ ದೂರು ನಿಜವಾಗಿ ಮೇಜಿನದಾಗಿರುತ್ತದೆ.

ಬೆಡ್ಡಿಂಗ್ ಎಂಬ ಮಾತು ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ರೈಫಲ್ ಕೆಲಸಗಾರರಲ್ಲಿ. ರೈಫಲಿನ ಮರದ ಭಾಗ ತೇವಕ್ಕೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ, ಅದರಲ್ಲಿ ಕೂತ ಉಕ್ಕಿನ ಭಾಗ ಅಲುಗದಿರಲಿ ಎಂದು ಅವರು ನಡುವೆ ಎಪಾಕ್ಸಿ ತುಂಬುತ್ತಾರೆ. ಹಡಗುಗಳಲ್ಲಿ ಎಂಜಿನ್ನಿನ ಪಾದಗಳ ಅಡಿಗೆ ಎಪಾಕ್ಸಿ ಹೊಯ್ಯುವುದೂ ಇದೇ ತತ್ತ್ವದ ಮೇಲೆ. ತತ್ತ್ವ ಮಾತ್ರ ಎಪಾಕ್ಸಿಗಿಂತ ಬಹಳ ಹಳೆಯದು. ತಲವಾರಿನ ಅಲಗನ್ನು ಹಿಡಿಯೊಳಗೆ ಕೂರಿಸಲು ನಮ್ಮ ದೇಶದ ಕಮ್ಮಾರರು ಕಾಸಿದ ಅರಗು ತುಂಬುತ್ತಿದ್ದರು. ಅಕ್ಕಸಾಲಿಗರು ಪೊಳ್ಳು ಒಡವೆಯೊಳಗೆ ಅರಗು ತುಂಬುವುದು ಅದು ನೆಗ್ಗದಿರಲಿ ಎಂದು. ವೀಣೆಯ 24 ಮೆಟ್ಟಿಲುಗಳು ದಂಡಿಯ ಮೇಲೆ ನೇರವಾಗಿ ಕೂರದೆ ಕಪ್ಪು ಮೇಣದ ಹಾಸಿನಲ್ಲಿ ಕೂತಿರುತ್ತವೆ. ಮೇಣ ಮೆತ್ತಗಿರುವಾಗ ಪ್ರತಿಯೊಂದನ್ನೂ ಅದರ ಸ್ವರಕ್ಕೆ ಸರಿಯಾಗಿ ಒತ್ತಿ ನಿಲ್ಲಿಸುತ್ತಾರೆ. ಅರಗು, ಮೇಣಗಳು ಬಿಸಿಗೆ ಮತ್ತೆ ಕರಗುತ್ತವೆ. ಎಪಾಕ್ಸಿ ಒಮ್ಮೆ ಗಟ್ಟಿಯಾದರೆ ಹಿಂದಿರುಗುವುದಿಲ್ಲ. ಅದರ ಬಲವೂ ಅದೇ, ಅಪಾಯವೂ ಅದೇ.

ಹಿಂದಿರುಗದಿರಲು ಕಾರಣ ಅದರ ರಸಾಯನದಲ್ಲಿದೆ. ರಾಳದ ಪ್ರತಿ ಅಣುವಿನ ತುದಿಯಲ್ಲಿ ಎರಡು ಇಂಗಾಲ, ಒಂದು ಆಮ್ಲಜನಕ ಸೇರಿದ ಮೂರು ಮೂಲೆಯ ಉಂಗುರವಿರುತ್ತದೆ. ಬಗ್ಗಿಸಿ ಕಟ್ಟಿದ ಬಿದಿರಿನ ಕಡ್ಡಿಯಂತೆ ಅದು ಸದಾ ಬಿಗಿತದಲ್ಲಿರುತ್ತದೆ. ಹಾರ್ಡನರಿನಲ್ಲಿರುವ ಅಮೈನುಗಳು ಈ ಉಂಗುರವನ್ನು ಬಿಚ್ಚಿ ತಾವೇ ಅಲ್ಲಿ ಸೇರಿಕೊಳ್ಳುತ್ತವೆ. ಒಂದೊಂದು ಅಮೈನ್ ಅಣುವೂ ಹಲವು ಉಂಗುರಗಳನ್ನು ಹಿಡಿಯುವುದರಿಂದ ಎಲ್ಲ ಅಣುಗಳೂ ಬಲೆಯಂತೆ ಹೆಣೆದುಕೊಂಡು ಗಟ್ಟಿ ಆಗುತ್ತವೆ. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ 1930ರ ದಶಕದ ಕೊನೆಯಲ್ಲಿ ಇಂಥ ರಾಳವನ್ನು ರೂಪಿಸಿದ್ದು ಕೃತಕ ಹಲ್ಲಿನ ಕೆಲಸಕ್ಕಾಗಿ. ಅಮೆರಿಕದಲ್ಲಿ ಸಿಲ್ವನ್ ಗ್ರೀನ್ಲೀ ಬಣ್ಣದ ಉದ್ಯಮಕ್ಕಾಗಿ ಇದೇ ದಾರಿಯಲ್ಲಿ ಕೆಲಸ ಮಾಡಿದರು. ಕಾಸ್ಟಾನರ ಹಕ್ಕುಗಳು ಬಾಸೆಲ್‌ನ ಸೀಬಾ ಕಂಪನಿಗೆ ಬಂದವು, ಅಲ್ಲಿಂದ ಅರಾಲ್ಡೈಟ್ ಎಂಬ ಹೆಸರು ಲೋಕಕ್ಕೆ ಪರಿಚಯವಾಯಿತು.

ಪ್ರತಿ ಉಂಗುರಕ್ಕೂ ಒಂದು ಜೊತೆ ಬೇಕು ಎಂಬುದನ್ನು ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮನೆಯ ಕಾರ್ಯಾಗಾರದಲ್ಲಿ ಕೆಡುವ ಎಪಾಕ್ಸಿ ಕೆಲಸಗಳಲ್ಲಿ ಹೆಚ್ಚಿನವು ಕೆಡುವುದು ಇದನ್ನು ಮರೆತದ್ದರಿಂದ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕುವ ಅಭ್ಯಾಸ ವ್ಯಾಪಕವಾಗಿದೆ. ಫೈಬರ್ ದೋಣಿ, ನೀರಿನ ತೊಟ್ಟಿ ಮಾಡುವ ಪಾಲಿಯೆಸ್ಟರ್ ರಾಳದಿಂದ ಬಂದ ಅಭ್ಯಾಸ ಅದು. ಅಲ್ಲಿ ಹಾಕುವುದು ಕ್ರಿಯೆಗೆ ಕಿಡಿ ಹೊತ್ತಿಸುವ ದ್ರವ. ಕೆಲವು ಹನಿ ಹೆಚ್ಚಿದರೆ ವೇಗವೂ ಹೆಚ್ಚುತ್ತದೆ. ಎಪಾಕ್ಸಿಯ ಹಾರ್ಡನರ್ ಹಾಗಲ್ಲ, ಅದು ಗೋಡೆಯ ಅರ್ಧ ಇಟ್ಟಿಗೆ. ಹೆಚ್ಚಾದದ್ದು ಜೊತೆ ಸಿಗದೆ ಹಾಗೆಯೇ ಉಳಿದು ಹಾಸನ್ನು ಮೆತ್ತಗೆ ಮಾಡುತ್ತದೆ. ಕಡಿಮೆಯಾದರೆ ರಾಳ ಅಂಟಂಟಾಗಿ ಉಳಿಯುತ್ತದೆ. ಎರಡಕ್ಕೂ ಆಮೇಲೆ ಮದ್ದಿಲ್ಲ, ಕೆರೆದು ತೆಗೆಯುವುದೊಂದೇ ದಾರಿ.

ಅಳತೆಯಲ್ಲಿ ಇನ್ನೊಂದು ಎಡವುಗಲ್ಲಿದೆ. ಅರಾಲ್ಡೈಟ್ ಎಡಬ್ಲ್ಯು 106 ರಾಳ, ಎಚ್‌ವಿ 953 ಹಾರ್ಡನರ್ ಕಾರ್ಖಾನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಜೋಡಿ. ಇವುಗಳ ಪ್ರಮಾಣ ಗಾತ್ರದಲ್ಲಾದರೆ ಸಮಸಮ. ತೂಕದಲ್ಲಾದರೆ 100 ಭಾಗ ರಾಳಕ್ಕೆ 80 ಭಾಗ ಹಾರ್ಡನರ್. ರಾಳ ನೀರಿಗಿಂತ ಭಾರ, ಹಾರ್ಡನರ್ ಹಗುರ. ಅದಕ್ಕೇ ಈ ವ್ಯತ್ಯಾಸ. ಸಮಸಮ ಎಂಬ ಮಾತನ್ನು ಕೇಳಿ ತಕ್ಕಡಿಯಲ್ಲಿ ಸಮ ತೂಗಿದರೆ ಹಾರ್ಡನರ್ ಶೇ. 25ರಷ್ಟು ಹೆಚ್ಚಾಗುತ್ತದೆ. ಡಬ್ಬಿಯ ಮೇಲಿನ ಪ್ರಮಾಣ ತೂಕದ್ದೋ ಗಾತ್ರದ್ದೋ ಎಂದು ನೋಡದೆ ಮುಚ್ಚಳ ತೆಗೆಯಬಾರದು. ಸಣ್ಣ ಕೆಲಸಕ್ಕೆ ತೂಕವೇ ಲೇಸು. ದಪ್ಪ ರಾಳ ಅಳತೆಯ ಲೋಟದ ಗೋಡೆಗೆ ಅಂಟಿಕೊಂಡು ಕಣ್ಣಿಗೆ ಮೋಸ ಮಾಡುತ್ತದೆ, ತಕ್ಕಡಿಗೆ ಮಾಡುವುದಿಲ್ಲ. ಒಂದು ಗ್ರಾಮಿನ ಹತ್ತನೆಯ ಭಾಗ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಸಾಕು. ಅದು ಮತ್ತೆ ಅಡುಗೆಮನೆಗೆ ಹೋಗಕೂಡದು.

ಎಲ್ಲ ಎಪಾಕ್ಸಿಯೂ ಹಾಸಿಗೆ ಹೊಂದುವುದಿಲ್ಲ. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆ ಯಂತ್ರವನ್ನು ಇಳಿಸಿ ಮಟ್ಟ ನೋಡುವಷ್ಟು ಬಿಡುವನ್ನೇ ಕೊಡುವುದಿಲ್ಲ; ಬಿಸಿ, ನೀರುಗಳನ್ನು ತಡೆಯುವ ಶಕ್ತಿಯೂ ಅದಕ್ಕೆ ಕಡಿಮೆ. ಕೈಯಲ್ಲಿ ನಾದುವ ಪುಟ್ಟಿ ತೀರ ಬಿಗಿ, ಸಂದಿನ ಮೂಲೆಗೆ ಹರಿಯುವುದಿಲ್ಲ. ನಿಧಾನವಾಗಿ ಗಟ್ಟಿಯಾಗುವ, ಲೋಹದ ಪುಡಿ ಸೇರಿದ ಎಪಾಕ್ಸಿಯೇ ಹಾಸಿಗೆ ತಕ್ಕದ್ದು. ಪುಡಿ ಸೇರಿಸಿಯೇ ಮಾರುವ ಸಿದ್ಧ ಮಿಶ್ರಣಗಳಿವೆ. ಬರಿಯ ರಾಳಕ್ಕೆ ಅಲ್ಯೂಮಿನಿಯಂ ಪುಡಿಯನ್ನೋ ಸಿಲಿಕಾ ಪುಡಿಯನ್ನೋ ಸೇರಿಸಿಕೊಳ್ಳಲೂಬಹುದು. ಪುಡಿಯ ಉಪಕಾರ ಒಂದೆರಡಲ್ಲ. ಗಟ್ಟಿಯಾಗುವಾಗ ಪಾಲಿಯೆಸ್ಟರ್ ರಾಳ ಗಾತ್ರದಲ್ಲಿ ಶೇ. 5ರಿಂದ 8ರಷ್ಟು ಕುಗ್ಗುತ್ತದೆ. ಎಪಾಕ್ಸಿ ಅದಕ್ಕಿಂತ ಕಡಿಮೆ, ಪುಡಿ ತುಂಬಿದ ಎಪಾಕ್ಸಿ ಇನ್ನೂ ಕಡಿಮೆ. ಬಿಸಿಗೆ ಹಿಗ್ಗುವುದರಲ್ಲೂ ಹಾಗೆಯೇ. ಬರಿಯ ಎಪಾಕ್ಸಿ ಉಕ್ಕಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹಿಗ್ಗುತ್ತದೆ, ಪುಡಿ ಸೇರಿದಷ್ಟೂ ಅದರ ನಡತೆ ಲೋಹದ ಹತ್ತಿರಕ್ಕೆ ಬರುತ್ತದೆ. ಗಟ್ಟಿಯಾಗುವಾಗ ಹುಟ್ಟುವ ಬಿಸಿಯನ್ನೂ ಪುಡಿ ಹೀರಿಕೊಳ್ಳುತ್ತದೆ.

ಕಲೆಸುವ ಕೆಲಸ ಹತ್ತು ನಿಮಿಷದ್ದು. ಅದಕ್ಕೆ ಮುಂಚಿನ ಸಿದ್ಧತೆ ಒಂದು ಇಡೀ ದಿನ ಕೇಳುತ್ತದೆ, ಮತ್ತು ಆ ದಿನವನ್ನು ಪೂರ್ತಿ ಕೊಡಬೇಕು. ಮೊದಲು ಯಂತ್ರದ ಪಾದ ಮೇಜನ್ನು ಎಲ್ಲೆಲ್ಲಿ ಮುಟ್ಟುತ್ತದೆ ಎಂದು ತಿಳಿಯಬೇಕು. ದೀಪದ ಕಾಡಿಗೆಯನ್ನು ಎರಡು ಹನಿ ಎಣ್ಣೆಯಲ್ಲಿ ಕಲೆಸಿ ಪಾದದ ತಳಕ್ಕೆ ತೆಳ್ಳಗೆ ಸವರಿ, ಯಂತ್ರವನ್ನು ಇಳಿಸಿ ಎತ್ತಿದರೆ ಮೇಜಿನ ಮೇಲೆ ಕಪ್ಪು ಚುಕ್ಕೆಗಳು ಬೀಳುತ್ತವೆ. ಚಪ್ಪಟೆ ಎಂದು ನಂಬಿದ್ದ ಪಾದ ಎರಡೋ ಮೂರೋ ಕಡೆ, ಕಡಲೆಕಾಳಿನಷ್ಟು ಜಾಗದಲ್ಲಿ ಮಾತ್ರ ಮುಟ್ಟಿರುವುದು ಆಗ ಕಾಣುತ್ತದೆ. ಉಳಿದದ್ದೆಲ್ಲ ಗಾಳಿ. ಈ ಗಾಳಿಯ ಜಾಗವನ್ನೇ ಎಪಾಕ್ಸಿ ತುಂಬಬೇಕಾದದ್ದು.

ಆಮೇಲೆ ಎರಡು ಮೇಲ್ಮೈಗಳಿಗೆ ತದ್ವಿರುದ್ಧ ಉಪಚಾರ ನಡೆಯುತ್ತದೆ. ಮೇಜಿನ ಕಡೆ ಎಪಾಕ್ಸಿ ಕಚ್ಚಿಕೊಳ್ಳಬೇಕು. ಅಲ್ಲಿನ ಸನ್ಮೈಕಾ, ವಾರ್ನಿಷ್, ಮೇಣ ಎಲ್ಲ ಹೋಗಬೇಕು, ಮರ ಒಣಗಿರಬೇಕು, 80ನೇ ನಂಬರಿನ ಎಮರಿ ಕಾಗದದಿಂದ ಉಜ್ಜಿ, ಅಲ್ಲಲ್ಲಿ ಬೈರಿಗೆಯಿಂದ ಅರ್ಧ ಅಂಗುಲ ಆಳದ ಕುಳಿ ತೆಗೆದರೆ ಹಾಸು ಬೇರು ಬಿಟ್ಟಂತೆ ಕೂರುತ್ತದೆ. ಯಂತ್ರದ ಕಡೆ ಎಪಾಕ್ಸಿ ಕಚ್ಚಬಾರದು. ಪಾದದ ತಳದ ಎಣ್ಣೆಯನ್ನು ಅಸಿಟೋನಿನಿಂದ ಒರೆಸಿ, ಮೇಣದ ಪಾಲಿಷ್ ಹಚ್ಚಿ, ಒಣಗಿದ ಮೇಲೆ ಬಟ್ಟೆಯಿಂದ ತಿಕ್ಕಿ, ಮತ್ತೊಮ್ಮೆ ಹಚ್ಚಬೇಕು. ಕಾರಿನ ಮೇಣ ಆಗುತ್ತದೆ. ಬಣ್ಣವಿಲ್ಲದ ಬೂಟ್ ಪಾಲಿಷ್ ಕೂಡ ಆಗುತ್ತದೆ, ಹವ್ಯಾಸಿಗಳು ಬಹುಕಾಲದಿಂದ ನಂಬಿರುವುದು ಅದನ್ನೇ. ಬೋಲ್ಟಿನ ತಿರುಪಿನ ಎಳೆಗಳಿಗೆ ಎರಡು ಪಟ್ಟು ಗಮನ ಬೇಕು. ಒಂದು ಎಳೆಯಲ್ಲಿ ಮೇಣ ತಪ್ಪಿದರೂ ಆ ಬೋಲ್ಟು ಅಲ್ಲೇ ಕಚ್ಚಿ ನಿಲ್ಲುತ್ತದೆ.

ಮೇಣ ಹಚ್ಚಿದರೂ ಬಿಡದ ಒಂದು ಹಿಡಿತವಿದೆ. ಪಾದದಲ್ಲಿ ಒಳಗೆ ಅಗಲ, ಬಾಯಿಯಲ್ಲಿ ಕಿರಿದಾದ ತೂತು ಇದ್ದರೆ ಎಪಾಕ್ಸಿ ಅದರೊಳಗೆ ಹರಿದು ಬೀಗ ಹಾಕಿದಂತೆ ಗಟ್ಟಿಯಾಗುತ್ತದೆ. ಅಂಟಿರುವುದಿಲ್ಲ, ಆದರೂ ಹೊರಬರುವುದಿಲ್ಲ. ಇಂಥ ತೂತು, ಗೆರೆ, ಸಂದುಗಳನ್ನೆಲ್ಲ ಮೊದಲೇ ಹುಡುಕಿ ಮಕ್ಕಳು ಗೊಂಬೆ ಮಾಡುವ ಮೆತ್ತನೆಯ ಬಣ್ಣದ ಜೇಡಿಯಿಂದ ಮುಚ್ಚಿಬಿಡಬೇಕು. ಎಪಾಕ್ಸಿ ಹೊರಗೆ ಹರಿಯದಂತೆ ಸುತ್ತ ಕಟ್ಟುವ ಸಣ್ಣ ಬದುವಿಗೂ ಅದೇ ಜೇಡಿ. ಇಷ್ಟಾದ ಮೇಲೆ ಎಪಾಕ್ಸಿ ಇಲ್ಲದೆಯೇ ಒಮ್ಮೆ ಇಡೀ ಕೆಲಸವನ್ನು ಮಾಡಿ ನೋಡಬೇಕು. ಯಂತ್ರವನ್ನು ಇಳಿಸುವುದು, ರಸಮಟ್ಟ ಇಡುವುದು, ಒರೆಸುವ ಬಟ್ಟೆ ಕೈಗೆ ಸಿಗುವುದು ಎಲ್ಲ. ಸುಮಾರು 40 ಕಿಲೋ ತೂಗುವ ಸಣ್ಣ ಲೇತನ್ನು ನೇರವಾಗಿ ಇಳಿಸಲು ಎರಡು ಜೊತೆ ಕೈ ಬೇಕೆಂಬುದು ಈ ಒಣ ಅಭ್ಯಾಸದಲ್ಲೇ ತಿಳಿಯುವುದು ಒಳ್ಳೆಯದು.

ಎಷ್ಟು ಬೇಕು ಎಂಬ ಲೆಕ್ಕ ಸುಲಭ. 60 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಪಾದದ ಅಡಿಗೆ 3 ಮಿ.ಮೀ. ದಪ್ಪದ ಹಾಸಿಗೆ ಸುಮಾರು 14 ಸಿಸಿ ಬೇಕು. ನಾಲ್ಕು ಪಾದಗಳಿಗೆ 58 ಸಿಸಿ. ಹೊರಗೆ ಉಕ್ಕುವುದು, ಕಪ್ಪಿನಲ್ಲಿ ಉಳಿಯುವುದು ಸೇರಿ 80 ಸಿಸಿ ಎಂದುಕೊಳ್ಳಬಹುದು. ಮೇಲೆ ಹೇಳಿದ ಜೋಡಿಯಲ್ಲಿ 40 ಗ್ರಾಂ ರಾಳ, 32 ಗ್ರಾಂ ಹಾರ್ಡನರ್, ಮೇಲೆ ಒಂದಷ್ಟು ಅಲ್ಯೂಮಿನಿಯಂ ಪುಡಿ ಸೇರಿದರೆ ಇಷ್ಟಾಗುತ್ತದೆ.

ಕಲೆಸಲು ಖಾಲಿ ಮೊಸರಿನ ಕಪ್ಪು ಚೆನ್ನ, ಆ ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಅಂಟುವುದಿಲ್ಲ. ಮೇಣ ಸವರಿದ ಕಾಗದದ ಲೋಟ ಬೇಡ, ಮೇಣ ಕರಗಿ ಮಿಶ್ರಣಕ್ಕೆ ಸೇರುತ್ತದೆ. ತುದಿ ಚಪ್ಪಟೆಯಾಗಿ ಕತ್ತರಿಸಿದ ಐಸ್‌ಕ್ರೀಮ್ ಕಡ್ಡಿಯಿಂದ, ಗಾಳಿ ಸೇರದಂತೆ ನಿಧಾನವಾಗಿ, ಗೋಡೆ ಮತ್ತು ತಳವನ್ನು ಕೆರೆಕೆರೆದು ಮೂರು ನಾಲ್ಕು ನಿಮಿಷ ಕಲೆಸಬೇಕು. ಆಮೇಲೆ ಅದನ್ನು ಹೊಸ ಕಪ್ಪಿಗೆ ಸುರಿದು ಹೊಸ ಕಡ್ಡಿಯಿಂದ ಮತ್ತೆ ಕಲೆಸಬೇಕು. ಮೊದಲ ಕಪ್ಪಿನ ಮೂಲೆಯಲ್ಲಿ ಕಲೆಯದೆ ಉಳಿದ ರಾಳ ಹಾಸಿನೊಳಗೆ ಹೋದರೆ ಅಲ್ಲೊಂದು ಮೆತ್ತನೆಯ ಹುಣ್ಣು ಉಳಿದುಬಿಡುತ್ತದೆ. ಪುಡಿ ಸೇರಿಸುವುದು ಎರಡೂ ದ್ರವ ಪೂರ್ತಿ ಬೆರೆತ ಮೇಲೆಯೇ. ಕಡ್ಡಿಯನ್ನು ಎತ್ತಿದಾಗ ಹರಿದು ಬೀಳದೆ, ಗಟ್ಟಿ ಚಟ್ನಿಯಂತೆ ನಿಂತು ನಿಧಾನವಾಗಿ ಬಾಗಿದರೆ ಹದ ಬಂದಿದೆ.

ಈ ಹೊತ್ತಿನಿಂದ ಗಡಿಯಾರ ಓಡುತ್ತಿರುತ್ತದೆ. ರಾಳ ಮತ್ತು ಹಾರ್ಡನರ್ ಕೂಡುವಾಗ ಬಿಸಿ ಹುಟ್ಟುತ್ತದೆ, ಬಿಸಿ ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ಚುರುಕಾದ ಕ್ರಿಯೆ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ಆಳವಾದ ಕಪ್ಪಿನಲ್ಲಿ ಬಿಟ್ಟ ಮಿಶ್ರಣ ಕೈಗೆ ಮೊದಲು ಬೆಚ್ಚಗೆ, ಆಮೇಲೆ ಸುಡುವಷ್ಟು ಬಿಸಿಯಾಗಿ, ಕಪ್ಪನ್ನೇ ಸೊಟ್ಟಗೆ ಮಾಡಿ ಹೊಗೆಯಾಡಿದ್ದೂ ಉಂಟು. ಅದೇ ಮಿಶ್ರಣವನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಬಿಸಿ ಹೊರಗೆ ಹೋಗಿ ಕೆಲಸದ ಸಮಯ ಉಳಿಯುತ್ತದೆ. ಡಬ್ಬಿಯ ಮೇಲಿನ ಸಮಯ ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ನದು. ಉಷ್ಣತೆ 10 ಡಿಗ್ರಿ ಏರಿದರೆ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಡಿಕೇರಿಯ ಡಿಸೆಂಬರಿಗೂ ರಾಯಚೂರಿನ ಮೇ ತಿಂಗಳಿಗೂ ಒಂದೇ ಲೆಕ್ಕ ಹಿಡಿದರೆ ಕೆಲಸ ಕೆಟ್ಟಿತು. ರಾಯಚೂರಿನಲ್ಲಿ ಈ ಕೆಲಸಕ್ಕೆ ಬೆಳಗಿನ ಜಾವವೇ ಹೊತ್ತು.

ಹಾಸುವಾಗ ಮಿಶ್ರಣವನ್ನು ಸಮನಾಗಿ ಸವರಬಾರದು. ಪ್ರತಿ ಪಾದದ ಜಾಗದಲ್ಲೂ ನಡುವೆ ಗುಡ್ಡೆಯಾಗಿ ಇಟ್ಟರೆ, ಯಂತ್ರ ಇಳಿದಂತೆ ಅದು ಒಳಗಿನಿಂದ ಹೊರಗೆ ಹರಿಯುತ್ತಾ ಗಾಳಿಯನ್ನು ಮುಂದೆ ತಳ್ಳಿಕೊಂಡು ಹೋಗುತ್ತದೆ. ಸಮನಾಗಿ ಸವರಿದ್ದರ ಮೇಲೆ ಇಳಿಸಿದರೆ ಗಾಳಿ ನಡುವೆ ಸಿಕ್ಕಿಬೀಳುತ್ತದೆ. ದಪ್ಪ ಕಾಪಾಡಲು ಮೂಲೆಗಳಲ್ಲಿ ಮೇಣ ಹಚ್ಚಿದ 3 ಮಿ.ಮೀ. ತಗಡಿನ ಚೂರುಗಳನ್ನು ಇಟ್ಟು, ರಸಮಟ್ಟದಲ್ಲಿ ನೋಡಿ, ಬೇಕಾದಲ್ಲಿ ಕಾಗದದಷ್ಟು ತೆಳುವಾದ ಪಟ್ಟಿ ಸೇರಿಸಿ ಹೊಂದಿಸಬೇಕು.

ಬೆಡ್ಡಿಂಗಿನ ಎಲ್ಲ ಕಟ್ಟುಪಾಡುಗಳಲ್ಲಿ ಮೊದಲನೆಯದು ಇಲ್ಲಿ ಬರುತ್ತದೆ. ಬೋಲ್ಟು ಬಿಗಿಯಬಾರದು. ಬೋಲ್ಟುಗಳು ಜಾಗ ತೋರಿಸಲು ಮಾತ್ರ ಇರುತ್ತವೆ, ಬೆರಳಲ್ಲಿ ತಿರುಗುವಷ್ಟು ಸಡಿಲವಾಗಿ. ಯಂತ್ರ ತನ್ನ ತೂಕದಲ್ಲೇ, ಯಾವ ಎಳೆತವೂ ಇಲ್ಲದೆ, ಮೆತ್ತನೆಯ ಹಾಸಿನ ಮೇಲೆ ಮಲಗಬೇಕು. ಬಿಗಿದರೆ ಹಾಸುಗಂಬ ತಿರುಚುತ್ತದೆ. ಆ ತಿರುಚಿದ ಆಕಾರಕ್ಕೇ ಎಪಾಕ್ಸಿ ಗಟ್ಟಿಯಾಗುತ್ತದೆ. ನಿವಾರಿಸಲು ಹೊರಟ ದೋಷವೇ ಹಾಸಿನಲ್ಲಿ ಶಾಶ್ವತವಾಗಿ ಅಚ್ಚಾಗುತ್ತದೆ. ಗಟ್ಟಿ ಬಿಗಿದರೇ ಗಟ್ಟಿ ಕೂರುವುದು ಎಂಬ ಕೈಯ ಅಭ್ಯಾಸವನ್ನು ಒಂದು ರಾತ್ರಿಯ ಮಟ್ಟಿಗೆ ತಡೆದುಕೊಳ್ಳುವುದು ಈ ಕೆಲಸದ ಅತ್ಯಂತ ಕಷ್ಟದ ಭಾಗ.

ಹೊರಗೆ ಉಕ್ಕಿದ್ದರಲ್ಲಿ ಲೋಹದ ಮೇಲೆ ಬಿದ್ದದ್ದನ್ನು ಕೂಡಲೆ ಒರೆಸಬೇಕು. ಪಾದದ ಅಂಚಿನದನ್ನು ಬಿಡಬಹುದು. ಕೆಲವು ಗಂಟೆಗಳ ನಂತರ ಅದು ರಬ್ಬರಿನ ಹದಕ್ಕೆ ಬಂದಾಗ ಚಾಕುವಿನಿಂದ ಗಿಣ್ಣಿನಂತೆ ನುಣುಪಾಗಿ ಕೊಯ್ಯಬಹುದು. ಆ ಹದ ತಪ್ಪಿದರೆ ಉಳಿ, ಅರ ಹಿಡಿಯಬೇಕಾಗುತ್ತದೆ. ಹದ ಯಾವಾಗ ಬಂತೆಂದು ಯಂತ್ರದ ಅಡಿಗೆ ಬೆರಳು ಹಾಕಿ ನೋಡಬೇಕಾಗಿಲ್ಲ. ಅದೇ ಮಿಶ್ರಣದ ಒಂದು ತೆಳು ಬಿಲ್ಲೆಯನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಮಾಡಿ ಪಕ್ಕದಲ್ಲಿಟ್ಟರೆ ಅದೇ ಸಾಕ್ಷಿ. ಅದರ ಮೇಲೆ ಉಗುರು ಊರಿದರೂ ಗುರುತು ಬೀಳದಂತಾಗುವವರೆಗೆ ಯಂತ್ರವನ್ನು ಮುಟ್ಟಬಾರದು.

ನಿಧಾನದ ಎಪಾಕ್ಸಿಗೆ ಒಂದು ಹಗಲು ಒಂದು ರಾತ್ರಿ ಕೊಡಬೇಕು; ಪೂರ್ತಿ ಬಲ ಬರಲು ಸುಮಾರು ಒಂದು ವಾರ. ಆಮೇಲೆ ಯಂತ್ರವನ್ನು ಎತ್ತಿದಾಗ ಕಾಣುವ ನೋಟ ಶ್ರಮಕ್ಕೆ ತಕ್ಕದ್ದು. ಬೀಡುಕಬ್ಬಿಣದ ತಳದ ಮೇಲೆ ಕಾರ್ಖಾನೆಯ ಉಪಕರಣ ಬಿಟ್ಟ ಗೆರೆಗಳು, ಎರಕದ ಸಣ್ಣ ಗುಳಿಗಳು, ಒರೆಸುವಾಗ ಉಳಿದ ಬಟ್ಟೆಯ ಒಂದು ಎಳೆ ಸಹ, ಎಲ್ಲವೂ ಹಾಸಿನ ಮೇಲೆ ಹೊಳೆಯುವ ಅಚ್ಚಾಗಿ ಮೂಡಿರುತ್ತವೆ. ಗಾಳಿಯ ಗುಳ್ಳೆಗಳಿದ್ದ ಕಡೆ ಸಣ್ಣ ಕುಳಿಗಳಿದ್ದರೆ ಹೆದರಬೇಕಿಲ್ಲ, ದೊಡ್ಡವನ್ನಷ್ಟೇ ಹೊಸ ಮಿಶ್ರಣದಿಂದ ತುಂಬಿದರಾಯಿತು. ಎತ್ತಿದರೂ ಬಾರದಿದ್ದರೆ ಸುತ್ತಿಗೆಯ ಸಿಟ್ಟು ಸಲ್ಲದು. ಮರದ ಕೊಡತಿಯಿಂದ ಪಕ್ಕದಲ್ಲಿ ಮೆಲ್ಲನೆ ತಟ್ಟಬೇಕು. ಅಂಟಿದ ಬೋಲ್ಟಿನ ತಲೆಗೆ ಸೋಲ್ಡರಿಂಗ್ ಕಡ್ಡಿಯಿಂದ ಬಿಸಿ ಕೊಟ್ಟರೆ ಸುತ್ತಲಿನ ಎಪಾಕ್ಸಿ ಮೆತ್ತಗಾಗಿ ಬಿಡುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾದ ಬಹುತೇಕ ಎಪಾಕ್ಸಿಗಳು 50, 60 ಡಿಗ್ರಿಯ ಸುತ್ತ ಬಿಗಿ ಕಳೆದುಕೊಳ್ಳತೊಡಗುತ್ತವೆ. ತಗಡಿನ ಮಾಡಿನ ಕೆಳಗೆ ನೇರ ಬಿಸಿಲು ಬೀಳುವ ಮೂಲೆಯಲ್ಲಿ ಯಂತ್ರವನ್ನು ಕೂರಿಸುವವರು ಇದನ್ನು ಗಮನಿಸಬೇಕು.

ಕರಾವಳಿಯ ಮಳೆಗಾಲದಲ್ಲಿ ಗಟ್ಟಿಯಾದ ಹಾಸಿನ ಮೇಲೆ ಜಿಡ್ಡಿನಂಥ ಪೊರೆ ಬರುವುದುಂಟು. ಹಾರ್ಡನರಿನ ಅಮೈನು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಅದು ಹುಟ್ಟುತ್ತದೆ. ಅದರ ಮೇಲೆ ಎರಡನೆಯ ಪದರ ಹಿಡಿಯುವುದಿಲ್ಲ. ಎಮರಿಯಿಂದ ಉಜ್ಜಿದರೆ ಇನ್ನಷ್ಟು ಹರಡುತ್ತದೆ. ಮೊದಲು ಬರಿಯ ನೀರಿನಲ್ಲಿ ಪಾತ್ರೆ ಉಜ್ಜುವ ಸ್ಕ್ರಬ್ಬರಿನಿಂದ ತೊಳೆದು, ಒಣಗಿಸಿ, ಆಮೇಲೆ ಉಜ್ಜಬೇಕು. ಚಳಿಯ ಊರಿನಲ್ಲಿ ಡಬ್ಬಿಯೊಳಗಿನ ರಾಳ ತುಪ್ಪದಂತೆ ಹರಳುಗಟ್ಟಿ ಬೆಳ್ಳಗಾಗಬಹುದು. ಅದು ಕೆಟ್ಟದ್ದಲ್ಲ, ಬಿಸಿನೀರಿನಲ್ಲಿಟ್ಟು ಪೂರ್ತಿ ತಿಳಿಯಾಗುವವರೆಗೆ ಕಾಯಿಸಿ ತಣಿಸಿದರೆ ಮತ್ತೆ ಬಳಸಬಹುದು.

ಚರ್ಮದ ವಿಷಯವನ್ನು ಹಗುರವಾಗಿ ದಾಟಿಹೋಗುವುದು ತಪ್ಪು. ಎಪಾಕ್ಸಿ ಮೊದಲ ಸಲ ತಗುಲಿದಾಗ ಏನೂ ಆಗದಿರಬಹುದು, ಹತ್ತನೆಯ ಸಲವೂ ಆಗದಿರಬಹುದು. ದೇಹ ಮಾತ್ರ ಲೆಕ್ಕ ಇಡುತ್ತಿರುತ್ತದೆ. ಒಂದು ದಿನ ಕೈ ಕೆಂಪಾಗಿ, ತುರಿಸಿ, ಬೊಬ್ಬೆ ಏಳುತ್ತದೆ. ಆ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಆಮೇಲೆ ಡಬ್ಬಿಯ ಹತ್ತಿರ ಹೋದರೂ ಮುಖ ಊದಿಕೊಳ್ಳುವವರಿದ್ದಾರೆ. ಕೈಕೆಲಸವೇ ಬದುಕಾದವರಿಗೆ ಇದು ಕಸುಬನ್ನೇ ಕಿತ್ತುಕೊಳ್ಳುವ ಸಂಗತಿ. ನೈಟ್ರೈಲ್ ಕೈಗವಸು ಪ್ರತಿ ಸಲವೂ ಬೇಕು, ಕೊಳೆಯಾದ ತಕ್ಷಣ ಬದಲಾಯಿಸಬೇಕು. ಕೈಗೆ ತಗುಲಿದ್ದನ್ನು ಥಿನ್ನರಿನಿಂದಲೋ ಅಸಿಟೋನಿನಿಂದಲೋ ಒರೆಸಿದರೆ ಅದು ಚರ್ಮದೊಳಕ್ಕೆ ಇಳಿಯಲು ದಾರಿಯಾಗುತ್ತದೆ. ಒಣ ಬಟ್ಟೆಯಿಂದ ತೆಗೆದು ಸೋಪಿನಲ್ಲಿ ತೊಳೆಯುವುದೇ ಸರಿ. ಪೂರ್ತಿ ಗಟ್ಟಿಯಾಗದ ಎಪಾಕ್ಸಿಯನ್ನು ಉಜ್ಜಿದ ಧೂಳಿನಲ್ಲೂ ಇದೇ ಅಪಾಯವಿದೆ, ಮೂಗು ಬಾಯಿಗೆ ಮಾಸ್ಕ್ ಬೇಕು. ಉಳಿದ ಮಿಶ್ರಣವನ್ನು ದ್ರವವಾಗಿ ಎಸೆಯದೆ ತೆಳ್ಳಗೆ ಹರಡಿ ಗಟ್ಟಿಯಾಗಲು ಬಿಟ್ಟು ಕಸಕ್ಕೆ ಹಾಕಬೇಕು.

ಹಾಸು ಸರಿಯಾಯಿತೇ ಎಂಬುದಕ್ಕೆ ಒಂದು ಪರೀಕ್ಷೆಯಿದೆ. ಒಂದು ವಾರದ ನಂತರ ಬೋಲ್ಟುಗಳನ್ನೆಲ್ಲ ಬಿಗಿದು, ಡಯಲ್ ಗೇಜಿನ ಕಾಂತದ ಪೀಠವನ್ನು ಮೇಜಿಗೆ ತಿರುಪು ಹಾಕಿದ ಕಬ್ಬಿಣದ ಪಟ್ಟಿಯ ಮೇಲೆ ನಿಲ್ಲಿಸಿ, ಅದರ ಮೂಗನ್ನು ಯಂತ್ರದ ಒಂದು ಪಾದದ ಮೇಲೆ ಊರಿ, ಆ ಪಾದದ ಬೋಲ್ಟನ್ನು ಮೆಲ್ಲಗೆ ಸಡಿಲಿಸಬೇಕು. ಮುಳ್ಳು 0.05 ಮಿ.ಮೀ.ಗಿಂತ ಹೆಚ್ಚು ಸರಿದರೆ ಆ ಪಾದ ಎಳೆತದಲ್ಲಿತ್ತು ಎಂದರ್ಥ; ಅದೊಂದರ ಹಾಸನ್ನು ಉಳಿಯಿಂದ ಕೆತ್ತಿ ತೆಗೆದು ಮತ್ತೆ ಹಾಕಬೇಕು. ಹೀಗೆ ನಾಲ್ಕೂ ಪಾದಗಳನ್ನು ಒಂದೊಂದಾಗಿ ನೋಡಬೇಕು. ಮರದ ಮೇಜು ಋತುವಿಗೆ ತಕ್ಕಂತೆ ಅಲುಗುವುದರಿಂದ ಮೊದಲ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಇದೇ ಪರೀಕ್ಷೆ ಮಾಡಬೇಕು. ಬೋಲ್ಟು ಸಡಿಲವಾದಾಗಲೂ ಮುಳ್ಳು ಇದ್ದಲ್ಲೇ ನಿಂತರೆ, ಯಂತ್ರ ತನ್ನ ಸಹಜ ಆಕಾರದಲ್ಲೇ ಕೂತಿದೆ.